ಕಾನ್ವೆಂಟಿಗೆ ಸೇರಿಸಿದರೆ ಮಗಳು ನಮ್ಮ ಧರ್ಮ ಮರೆಯುತ್ತಾಳೆಯೇ?

ಪ್ರಶ್ನೆ: ನಾವು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿದ್ದೇವೆ. ಲಿಂಗಾಯತರು. ಮಗಳಿಗೆ ಆರು ತುಂಬುತ್ತಿದೆ, ಬರುವ ಜೂನ್‌ಗೆ ಒಂದನೇ ತರಗತಿ. ನಮಗೆ ಎಟುಕುವಂಥವು ಮೂರು ಶಾಲೆ. ಒಂದು ಸಿಸ್ಟರ್‌ಗಳು ನಡೆಸುವ ಕಾನ್ವೆಂಟ್. ಶಿಸ್ತು, ಇಂಗ್ಲಿಷ್ ಎರಡೂ ಚೆನ್ನಾಗಿದೆ ಅಂತಾರೆ. ಇನ್ನೊಂದು ಮಠದ ಟ್ರಸ್ಟಿನ ಶಾಲೆ. ಅಲ್ಲಿ ದಿನಾ ವಚನ, ಶ್ಲೋಕ, ವಾರಕ್ಕೊಮ್ಮೆ ಭಗವದ್ಗೀತೆ ಪಠಣ. ಮೂರನೆಯದು ಮನೆ ಹತ್ತಿರದ ಕರ್ನಾಟಕ ಪಬ್ಲಿಕ್ ಶಾಲೆ, ಇಂಗ್ಲಿಷ್ ಮಾಧ್ಯಮವೂ ಇದೆ. ನಮ್ಮತ್ತೆಗೆ ಕಾನ್ವೆಂಟ್ ಅಂದರೆ ಭಯ: ‘ಹುಡುಗಿ ಏಸು ಏಸು ಅಂತ ಶುರು ಮಾಡ್ತಾಳೆ, ಕುಂಕುಮ ಬಳೆ ಬಿಡಿಸ್ತಾರೆ’ ಅಂತಾರೆ. ನಮ್ಮ ಮನೆಯವರಿಗೆ ದೇವರು ದಿಂಡರು ಅಂದರೆ ಆಗದು, ಮಠದ ಶಾಲೆಯೂ ಬೇಡ ಅಂತಾರೆ. ಮಗುವನ್ನು ಪ್ರಾರ್ಥನೆಯಿಂದ ಬಿಟ್ಟುಬಿಡಿ ಅಂತ ಕೇಳಬಹುದಾ? ಕೇಳಿದರೆ ಸೀಟು ಕೊಡ್ತಾರಾ? ಕಾನ್ವೆಂಟಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಉಚಿತ ಸೀಟು ಸಿಗುತ್ತಾ? ಅಷ್ಟಕ್ಕೂ ಶಾಲೆಯಲ್ಲಿ ಧರ್ಮ ಕಲಿಸೋದು ಸರಿನಾ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಜನರ ಮೂರು ಆತಂಕಗಳಿವೆ. ನಿಮ್ಮತ್ತೆಗೆ ಮೊಮ್ಮಗಳು ಮನೆಯ ಆಚಾರದಿಂದ ದೂರವಾದಾಳೆಂಬ ಭಯ. ನಿಮ್ಮ ಯಜಮಾನರಿಗೆ ಆರು ವರ್ಷದ ಮಗುವಿನ ತಲೆಗೆ ಯಾವ ನಂಬಿಕೆಯನ್ನೂ ತುಂಬಬಾರದೆಂಬ ಕಳಕಳಿ. ನಿಮಗೆ ಒಳ್ಳೆಯ ಓದು ಬೇಕು, ಮನೆಯಲ್ಲಿ ಜಗಳವೂ ಬೇಡ. ಮೂರೂ ನ್ಯಾಯವಾದವೇ. ಆದರೆ ಮೂವರೂ ಶಾಲೆಯ ಬೋರ್ಡಿನ ಮೇಲಿನ ಹೆಸರು ನೋಡಿ ತೀರ್ಮಾನಕ್ಕೆ ಬರುತ್ತಿದ್ದೀರಿ. ಮಗು ಅಲ್ಲಿ ಏನು ಕಲಿಯುತ್ತದೆ ಎಂಬುದು ಬೋರ್ಡಿನಿಂದ ತಿಳಿಯುವುದಿಲ್ಲ. ಅದಕ್ಕೆ ಶಾಲೆಯ ವೇಳಾಪಟ್ಟಿ, ನೀತಿಪಾಠದ ಪುಸ್ತಕ ಮತ್ತು ಪ್ರವೇಶ ಅರ್ಜಿಯ ಕೊನೆಯ ಪುಟ, ಈ ಮೂರನ್ನು ನೋಡಬೇಕು.

ಮೊದಲು ಮತಾಂತರದ ಭಯ. ಕಾನ್ವೆಂಟಿನಲ್ಲಿ ಓದಿದ ಮಾತ್ರಕ್ಕೆ ಮಗು ಕ್ರೈಸ್ತಳಾಗುವುದಿಲ್ಲ. ಸಾಮಾನ್ಯ ಸಂದರ್ಭದಲ್ಲಿ ತಂದೆ ತಾಯಿಯರಲ್ಲಿ ಒಬ್ಬರಾದರೂ ಒಪ್ಪದೆ ಇಷ್ಟು ಚಿಕ್ಕ ಮಗುವಿಗೆ ದೀಕ್ಷಾಸ್ನಾನ ಕೊಡಲು ಕ್ಯಾಥೊಲಿಕ್ ಚರ್ಚಿನ ಸ್ವಂತ ನಿಯಮವೇ ಬಿಡುವುದಿಲ್ಲ. ಕ್ಯಾಥೊಲಿಕ್ ಶಾಲೆಗಳ ರೂಢಿ ಹೀಗೆ: ಕ್ಯಾಥೊಲಿಕ್ ಮಕ್ಕಳಿಗೆ ಧರ್ಮೋಪದೇಶದ ತರಗತಿ ಇರುವ ಹೊತ್ತಿಗೇ ಉಳಿದ ಮಕ್ಕಳಿಗೆ ಮಾರಲ್ ಸೈನ್ಸ್ ಅಥವಾ ಮೌಲ್ಯ ಶಿಕ್ಷಣ. ಗಂಟೆಯ ಲೆಕ್ಕದಲ್ಲೂ ನೋಡಿ. ಅಸೆಂಬ್ಲಿಯಲ್ಲಿ ಪ್ರಾರ್ಥನೆ 5 ನಿಮಿಷ ಎಂದುಕೊಂಡರೆ ವಾರಕ್ಕೆ 30 ನಿಮಿಷ. ನೀತಿಪಾಠ ವಾರಕ್ಕೊಂದು ಪಿರಿಯಡ್, 40 ನಿಮಿಷ. ಸುಮಾರು 30 ಗಂಟೆಯ ಪಾಠದ ವಾರದಲ್ಲಿ ಒಂದು ಗಂಟೆ ಹತ್ತು ನಿಮಿಷ.

ಹಾಗಂತ ನಿಮ್ಮತ್ತೆಯ ಭಯದಲ್ಲಿ ಹುರುಳೇ ಇಲ್ಲವೆಂದು ತಳ್ಳಿಹಾಕಬೇಡಿ. ಆರೇಳು ವರ್ಷದ ಮಗುವಿಗೆ ಮಿಸ್ ಹೇಳಿದ್ದೇ ನಿಜ. ತರಗತಿಯ ಶಿಕ್ಷಕಿಯೊಬ್ಬರು ‘ವಿಗ್ರಹಕ್ಕೆ ಕೈ ಮುಗಿಯುವುದು ಪಾಪ’ ಎಂದರೆ, ಇನ್ನೊಂದು ಶಾಲೆಯ ಶಿಕ್ಷಕರೊಬ್ಬರು ‘ಮಾಂಸ ತಿನ್ನುವವರು ಕೊಳಕರು’ ಎಂದರೆ, ಮಗು ಅದನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತದೆ. ಇಂಥ ಮಾತು ವೇಳಾಪಟ್ಟಿಯಲ್ಲಿ ಇರುವುದಿಲ್ಲ. ಪೋಷಕರ ದೂರುಗಳಲ್ಲಿ ಪ್ರಾರ್ಥನೆಗಿಂತ ಹೆಚ್ಚು ನೋವು ಕಾಣುವುದು ಇಲ್ಲೇ: ತಿಂಡಿ ಡಬ್ಬಿಯ ಬಗ್ಗೆ, ಮನೆಯ ದೇವರ ಬಗ್ಗೆ, ಹೆಸರಿನ ಬಗ್ಗೆ ತರಗತಿಯಲ್ಲಿ ಆಡಿದ ಹಗುರ ಮಾತು. ಅದಕ್ಕೆ ಯಾವ ಧರ್ಮದ ಶಾಲೆಯೂ ಹೊರತಲ್ಲ, ಸರ್ಕಾರಿ ಶಾಲೆಯೂ ಹೊರತಲ್ಲ.

ಇಷ್ಟೊಂದು ಶಾಲೆಗಳು ಧರ್ಮಸಂಸ್ಥೆಗಳ ಕೈಯಲ್ಲಿ ಏಕಿವೆ ಎಂಬುದಕ್ಕೆ ಕಾರಣ ಸರಳ. ಸರ್ಕಾರ ಶಾಲೆ ತೆರೆಯದ ಕಡೆ ಸಮುದಾಯಗಳೇ ತೆರೆದವು. ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು, ಅದರ ಹಿಂದೆಯೇ ಶಾಲೆಗಳೂ ಬಂದವು. ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಸೇರಿ 1916ರಲ್ಲಿ ಕೆಎಲ್ಇ ಶಿಕ್ಷಣ ಸಂಸ್ಥೆ ಕಟ್ಟಿದರು. ಬೆಂಗಳೂರಿನ ಮುಸ್ಲಿಂ ಶಿಕ್ಷಣ ಸಂಸ್ಥೆ ಅಲ್-ಅಮೀನ್ 1966ರದು. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿ ಮತ ನೋಡದೆ ಮಕ್ಕಳಿಗೆ ಊಟ, ವಸತಿ, ಓದು ಕೊಡುತ್ತಾರೆ. ಬೆಳಿಗ್ಗೆ ಸಂಜೆ ಸಾಮೂಹಿಕ ಪ್ರಾರ್ಥನೆಯೂ ಇದೆ. ಕಟ್ಟಿದವರು ತಮ್ಮ ನಂಬಿಕೆಯ ಗುರುತನ್ನು ಶಾಲೆಯಲ್ಲಿ ಉಳಿಸಿಕೊಂಡರು, ಬಾಗಿಲನ್ನು ಎಲ್ಲರಿಗೂ ತೆರೆದರು. ಸಂವಿಧಾನ ಬರೆದವರ ಮುಂದೆ ಇದ್ದದ್ದೂ ಇಂಥ ಶಾಲೆಗಳೇ. ಅದಕ್ಕೇ ಅವರು ಸಂಸ್ಥೆಯ ಹಕ್ಕನ್ನೂ ಮಗುವಿನ ಹಕ್ಕನ್ನೂ ಬೇರೆ ಬೇರೆಯಾಗಿ ಬರೆದಿಟ್ಟರು.

ನಿಮಗೆ ಬೇಕಾದದ್ದು 28ನೇ ವಿಧಿ. ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು, ಇದು ಮೊದಲ ಖಂಡ. ದತ್ತಿ ಅಥವಾ ಟ್ರಸ್ಟಿನ ಷರತ್ತಿನಂತೆ ಧಾರ್ಮಿಕ ಬೋಧನೆ ಇರಲೇಬೇಕಾದ, ಆದರೆ ಸರ್ಕಾರ ಆಡಳಿತ ನೋಡಿಕೊಳ್ಳುವ ಸಂಸ್ಥೆಗಳಿಗೆ ಎರಡನೇ ಖಂಡ ವಿನಾಯಿತಿ ಕೊಡುತ್ತದೆ. ಅದು ನಿಮಗೆ ಸಂಬಂಧಿಸಿದ್ದಲ್ಲ. ಮೂರನೆಯದನ್ನು ಬರೆದಿಟ್ಟುಕೊಳ್ಳಿ: ಸರ್ಕಾರದ ಮಾನ್ಯತೆ ಪಡೆದ ಅಥವಾ ಅನುದಾನ ಪಡೆಯುವ ಯಾವುದೇ ಶಿಕ್ಷಣ ಸಂಸ್ಥೆಯಲ್ಲಿ ಓದುವ ವ್ಯಕ್ತಿಯನ್ನು, ಮಗುವಾಗಿದ್ದರೆ ಪೋಷಕರ ಒಪ್ಪಿಗೆಯಿಲ್ಲದೆ, ಅಲ್ಲಿನ ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಕಡ್ಡಾಯ ಮಾಡುವಂತಿಲ್ಲ. ‘ನಮ್ಮದು ಅನುದಾನರಹಿತ ಶಾಲೆ, ನಮಗೆ ಇದು ಅನ್ವಯಿಸದು’ ಎಂದು ಕೆಲವು ಆಡಳಿತ ಮಂಡಳಿಗಳು ಹೇಳುವುದುಂಟು. ಅದು ತಪ್ಪು. ಮಾನ್ಯತೆ ಇದ್ದರೆ ಸಾಕು, ವಿಧಿ ಅನ್ವಯಿಸುತ್ತದೆ. ಕಾನ್ವೆಂಟಿಗೆ ಅಲ್ಪಸಂಖ್ಯಾತ ಸಂಸ್ಥೆಯಾಗಿ 30ನೇ ವಿಧಿಯ ಆಡಳಿತದ ಹಕ್ಕಿದೆ ನಿಜ; ಆ ಹಕ್ಕು ನಿಮ್ಮ ಮಗಳ ಈ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಮಠದ ಶಾಲೆಯ ಗೀತಾಪಠಣಕ್ಕೂ ಇದೇ ಮಾತು.

ಆದರೆ ‘ಒಪ್ಪಿಗೆಯಿಲ್ಲದೆ’ ಎಂಬ ಮಾತನ್ನು ಗಮನಿಸಿ. ಒಪ್ಪಿಗೆ ಕೊಟ್ಟುಬಿಟ್ಟರೆ ಈ ವಿಧಿಯ ಆಸರೆ ಪಡೆಯುವುದು ಕಷ್ಟ, ಆ ಒಪ್ಪಿಗೆ ಕೊಡುವ ಜಾಗ ಪ್ರವೇಶ ಅರ್ಜಿ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಶಾಲೆಯ ಎಲ್ಲ ನಿಯಮ, ಚಟುವಟಿಕೆಗಳಿಗೆ ಬದ್ಧರಾಗಿರುತ್ತೇವೆ’ ಎಂದಿರುತ್ತದೆ. 2022ರಲ್ಲಿ ಬೆಂಗಳೂರಿನ ಒಂದು ಶಾಲೆಯ ಅರ್ಜಿಯಲ್ಲಿ, ಮಗು ಬೈಬಲ್ ತರುವುದಕ್ಕೆ ಮತ್ತು ಅಸೆಂಬ್ಲಿಯ ಧರ್ಮಗ್ರಂಥ ಪಾಠದಲ್ಲಿ ಭಾಗವಹಿಸುವುದಕ್ಕೆ ಆಕ್ಷೇಪವಿಲ್ಲ ಎಂಬ ಮುಚ್ಚಳಿಕೆ ಇತ್ತೆಂದು ದೊಡ್ಡ ವಿವಾದವಾಗಿದ್ದನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಹಾಗಾಗಿ ಸಹಿ ಹಾಕುವ ಮೊದಲೇ ಆ ಪುಟ ಓದಿ. ಇಂಥ ಕಲಂ ಇದ್ದರೆ ಅದರ ಪಕ್ಕದಲ್ಲೇ ಪೆನ್ನಿನಲ್ಲಿ ‘ಧಾರ್ಮಿಕ ಬೋಧನೆ ಮತ್ತು ಪ್ರಾರ್ಥನೆ ಹೊರತುಪಡಿಸಿ’ ಎಂದು ಬರೆದು, ಅದರ ಮೇಲೂ ಸಹಿ ಮಾಡಿ, ಫೋಟೊ ತೆಗೆದುಕೊಳ್ಳಿ.

ಸೀಟು ಕೈಗೆ ಬಂದ ಮೇಲೆ ಪ್ರತ್ಯೇಕ ಪತ್ರ ಕೊಡಿ. ಕೇಳಿದರೆ ಸೀಟು ಕೊಡುತ್ತಾರೋ ಇಲ್ಲವೋ ಎಂದಿದ್ದೀರಿ. ಖಾಸಗಿ ಶಾಲೆ ‘ಸೀಟು ಭರ್ತಿ’ ಎಂದುಬಿಟ್ಟರೆ ಕಾರಣ ಬೇರೆಯೆಂದು ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಮಾತುಕತೆಯ ಹಂತದಲ್ಲಿ ಶಾಲೆಯ ರೂಢಿ ಏನೆಂದು ಮಾತ್ರ ಕೇಳಿ, ಬೇಡಿಕೆ ಇಡಬೇಡಿ. ಶುಲ್ಕ ಕಟ್ಟಿ ರಸೀದಿ ಬಂದ ಮೇಲೆ, ತರಗತಿ ಶುರುವಾಗುವ ಮುಂಚೆ, ಇಬ್ಬರೂ ಸಹಿ ಮಾಡಿದ ಪತ್ರವನ್ನು ಮುಖ್ಯ ಶಿಕ್ಷಕಿಯ ಕೈಗೆ ಕೊಡಿ. ಒಬ್ಬರೇ ಸಹಿ ಮಾಡಿ, ನಾಳೆ ಇನ್ನೊಬ್ಬರು ಹೋಗಿ ‘ಅಡ್ಡಿಯಿಲ್ಲ’ ಎಂದರೆ ಶಾಲೆಗೂ ಗೊಂದಲ, ಮಗುವಿಗೂ ಗೊಂದಲ. ಪತ್ರ ಇಷ್ಟೇ ಇರಲಿ:

‘ನಮ್ಮ ಮಗಳು ತಮ್ಮ ಶಾಲೆಯ 1ನೇ ತರಗತಿಗೆ ಸೇರಿದ್ದಾಳೆ. ಅಸೆಂಬ್ಲಿಯಲ್ಲಿ ಎಲ್ಲರೊಂದಿಗೆ ಶಿಸ್ತಿನಿಂದ ನಿಲ್ಲುತ್ತಾಳೆ. ರಾಷ್ಟ್ರಗೀತೆ, ನಾಡಗೀತೆ, ಸಂವಿಧಾನದ ಪೀಠಿಕೆ ಓದುವುದರಲ್ಲಿ ಪೂರ್ತಿ ಭಾಗವಹಿಸುತ್ತಾಳೆ. ಧಾರ್ಮಿಕ ಪ್ರಾರ್ಥನೆ ಹೇಳುವುದಕ್ಕೆ ಮತ್ತು ಧಾರ್ಮಿಕ ಬೋಧನೆಯ ತರಗತಿಗೆ ಸಂವಿಧಾನದ 28(3)ನೇ ವಿಧಿಯಂತೆ ನಮ್ಮ ಒಪ್ಪಿಗೆ ಇಲ್ಲ. ಆ ಪಿರಿಯಡ್‌ನಲ್ಲಿ ಅವಳನ್ನು ಗ್ರಂಥಾಲಯದಲ್ಲಿ ಅಥವಾ ಮೌಲ್ಯ ಶಿಕ್ಷಣದ ತರಗತಿಯಲ್ಲಿ ಕೂರಿಸಲು ಕೋರುತ್ತೇವೆ.’

ಎರಡು ಪ್ರತಿ ಮಾಡಿಸಿ. ಒಂದರ ಮೇಲೆ ಶಾಲೆಯ ಸೀಲು, ತಾರೀಕು, ಸಹಿ ಹಾಕಿಸಿ ಮನೆಯಲ್ಲಿಡಿ. ಸೀಲು ಹಾಕಲು ಒಪ್ಪದಿದ್ದರೆ ತಲುಪಿದ ದಾಖಲೆ ಸಿಗುವಂತೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಪತ್ರ ಕೊಟ್ಟೂ ಒತ್ತಾಯ ನಡೆದರೆ ಮೊದಲು ಆಡಳಿತ ಮಂಡಳಿಯ ಕಾರ್ಯದರ್ಶಿ, ನಂತರ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ), ಅಲ್ಲೂ ಆಗದಿದ್ದರೆ ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು (ಡಿಡಿಪಿಐ). ಮಗುವನ್ನು ಹೆದರಿಸುವುದು, ಹೊಡೆಯುವುದು ನಡೆದಿದ್ದರೆ ನೇರವಾಗಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಿರಿ, ತುರ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದೂರಿನಲ್ಲಿ ‘ಮತಾಂತರ’ ಎಂಬ ದೊಡ್ಡ ಪದ ಬೇಡ. ಯಾವ ದಿನ, ಯಾರು, ಏನೆಂದರು, ಮಗು ಏನು ಮಾಡಬೇಕಾಯಿತು, ಅಷ್ಟು ಬರೆದರೆ ಅಧಿಕಾರಿ ವಿಚಾರಣೆ ಮಾಡಲೇಬೇಕಾಗುತ್ತದೆ. ದೊಡ್ಡ ಪದ ಬಳಸಿದ ದೂರು ಬೀದಿ ರಾಜಕೀಯದವರ ಕೈಗೆ ಸಿಗುತ್ತದೆ, ಮಗು ಅಲ್ಲಿ ಮತ್ತೆ ನೆಮ್ಮದಿಯಾಗಿ ಓದುವಂತಿಲ್ಲ.

ಹಕ್ಕು ಇದೆ ಎಂದ ಮಾತ್ರಕ್ಕೆ ಅದನ್ನು ಪೂರ್ತಿ ಬಳಸಲೇಬೇಕೆಂದಿಲ್ಲ. ಇದನ್ನು ನಿಮ್ಮ ಯಜಮಾನರಿಗೆ ವಿಶೇಷವಾಗಿ ಹೇಳುತ್ತೇನೆ. ಎಲ್ಲರೂ ಅಂಗಳದಲ್ಲಿ ನಿಂತಾಗ ಒಬ್ಬಳೇ ತರಗತಿಯಲ್ಲಿ ಕುಳಿತ ಆರು ವರ್ಷದ ಹುಡುಗಿಗೆ ಅದು ಸ್ವಾತಂತ್ರ್ಯವಾಗಿ ಕಾಣುವುದಿಲ್ಲ, ಶಿಕ್ಷೆಯಾಗಿ ಕಾಣುತ್ತದೆ. ಗೆಳತಿಯರು ‘ನೀನ್ಯಾಕೆ ಬರಲ್ಲ?’ ಎಂದು ಕೇಳುತ್ತಾರೆ, ಅವಳ ಹತ್ತಿರ ಉತ್ತರ ಇರುವುದಿಲ್ಲ. ಅದಕ್ಕೇ ಪತ್ರದಲ್ಲಿ ‘ನಿಲ್ಲುತ್ತಾಳೆ, ಹೇಳುವುದಿಲ್ಲ’ ಎಂಬ ದಾರಿ ಸೂಚಿಸಿದ್ದು. ಕೇರಳದ ಬಿಜೋಯ್ ಇಮ್ಯಾನುಯೆಲ್ ಪ್ರಕರಣದಲ್ಲಿ ಮೂವರು ಮಕ್ಕಳು ತಮ್ಮ ನಂಬಿಕೆಯ ಕಾರಣಕ್ಕೆ ರಾಷ್ಟ್ರಗೀತೆ ಹಾಡದೆ, ಆದರೆ ಗೌರವದಿಂದ ಎದ್ದು ನಿಂತಿದ್ದರು. ಅವರನ್ನು ಶಾಲೆಯಿಂದ ತೆಗೆದದ್ದು ತಪ್ಪೆಂದು ಸುಪ್ರೀಂ ಕೋರ್ಟ್ 1986ರಲ್ಲಿ ಹೇಳಿ ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಸುಮ್ಮನೆ ಗೌರವದಿಂದ ನಿಲ್ಲುವುದು ಅಗೌರವವಲ್ಲ ಎಂಬುದು ಆ ತೀರ್ಪಿನಿಂದ ನಮಗೆ ಸಿಕ್ಕ ಆಸರೆ. ಇನ್ನೂ ಹಗುರವಾದ ದಾರಿಯೂ ಇದೆ: ಅಸೆಂಬ್ಲಿಯ ಹಾಡಿಗೆ ಅಭ್ಯಂತರ ಎತ್ತದೆ, ಬೋಧನೆಯ ಪಿರಿಯಡ್‌ಗೆ ಮಾತ್ರ ವಿನಾಯಿತಿ ಕೇಳುವುದು. ಸಣ್ಣ ಮಕ್ಕಳ ವಿಚಾರದಲ್ಲಿ ನಾನು ಮೊದಲು ಸೂಚಿಸುವುದು ಇದನ್ನೇ.

ಕುಂಕುಮ, ಬಳೆಯ ವಿಷಯ ಬೇರೆ. 28ನೇ ವಿಧಿ ಬೋಧನೆ ಮತ್ತು ಪ್ರಾರ್ಥನೆಯನ್ನು ಹೇಳುತ್ತದೆ, ಉಡುಗೆ ತೊಡುಗೆಯನ್ನಲ್ಲ. ಸಮವಸ್ತ್ರದ ಪ್ರಶ್ನೆ ಹಿಜಾಬ್ ಪ್ರಕರಣದಲ್ಲಿ ಎಲ್ಲಿಗೆ ಬಂದು ನಿಂತಿದೆ ನೋಡಿ: ಹೈಕೋರ್ಟ್ 2022ರ ಮಾರ್ಚ್ 15ರಂದು ಸಮವಸ್ತ್ರದ ಬಗೆಗಿನ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದೇ ವರ್ಷ ಅಕ್ಟೋಬರ್ 13ರಂದು ಭಿನ್ನ ತೀರ್ಪು ಕೊಟ್ಟರು. ಹೀಗಾಗಿ ಕುಂಕುಮ, ಬಳೆ, ಹೂವು, ಕೊರಳ ಲಿಂಗದ ಬಗ್ಗೆ ಕಾನೂನಿನ ಭರವಸೆಯ ಮೇಲೆ ಹೋಗಬೇಡಿ. ಸೇರಿಸುವ ಮೊದಲೇ ಡೈರಿಯ ನಿಯಮಗಳ ಪುಟ ತೋರಿಸಿ ಎಂದು ಕೇಳಿ. ಹಲವು ಕಾನ್ವೆಂಟ್‌ಗಳಲ್ಲಿ ಗಾಜಿನ ಬಳೆ, ಹೂವು ಬೇಡವೆನ್ನುತ್ತಾರೆ, ಚಿಕ್ಕ ಬೊಟ್ಟಿಗೆ ತಕರಾರಿಲ್ಲ. ಅಂಗಿಯೊಳಗಿನ ಲಿಂಗದ ಕರಡಿಗೆಯ ಬಗ್ಗೆ ಮುಖ್ಯ ಶಿಕ್ಷಕಿಗೆ ಮೊದಲೇ ಒಂದು ಮಾತು ಹೇಳಿಟ್ಟರೆ ಆಟದ ಮೈದಾನದಲ್ಲಿ ಕಳಚಿಡಿ ಎನ್ನುವ ಪ್ರಸಂಗ ಬರುವುದಿಲ್ಲ.

ಆರ್‌ಟಿಇ ಸೀಟಿನ ಆಸೆ ಬಿಡಿ. ಸುಪ್ರೀಂ ಕೋರ್ಟಿನ 2014ರ ಮೇ 6ರ ಪ್ರಮತಿ ಪ್ರಕರಣದ ತೀರ್ಪಿನ ಪ್ರಕಾರ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನದೇ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ದೊಡ್ಡ ಪೀಠದ ಪರಿಶೀಲನೆಗೆ ಕಳಿಸಿದೆ, ಆದರೆ ಅಷ್ಟರಿಂದಲೇ ಸೀಟು ಸಿಗುವುದಿಲ್ಲ. ಮಠದ ಶಾಲೆಯಲ್ಲೂ ಕಷ್ಟವೇ: ಕರ್ನಾಟಕದಲ್ಲಿ 2019ರ ತಿದ್ದುಪಡಿಯ ನಂತರ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ 25 ಶೇಕಡಾ ಸೀಟು ಅನ್ವಯಿಸುವುದಿಲ್ಲ. ನಿಮ್ಮ ಮನೆ ಪಕ್ಕದಲ್ಲೇ ಪಬ್ಲಿಕ್ ಶಾಲೆ ಇದೆ.

ಈಗ ಶಾಲೆಯಲ್ಲಿ ಧರ್ಮ ಕಲಿಸುವುದು ಸರಿಯೇ ಎಂಬ ಪ್ರಶ್ನೆ. ಧರ್ಮಗಳ ಬಗ್ಗೆ ಕಲಿಸುವುದು ಸರಿ, ಬೇಕೂ ಬೇಕು. ಒಂದು ಧರ್ಮವನ್ನು ನಂಬಲು ಕಲಿಸುವುದು ಮನೆಯ, ಮಠದ, ಚರ್ಚಿನ, ಮಸೀದಿಯ ಕೆಲಸ. ಸುಪ್ರೀಂ ಕೋರ್ಟ್ ಕೂಡ 2002ರ ಅರುಣಾ ರಾಯ್ ಪ್ರಕರಣದಲ್ಲಿ, ವಿವಿಧ ಧರ್ಮಗಳ ಅಧ್ಯಯನ 28ನೇ ವಿಧಿ ನಿಷೇಧಿಸಿದ ಧಾರ್ಮಿಕ ಬೋಧನೆಯಲ್ಲ ಎಂದಿದೆ. ಬಸವಣ್ಣ ಯಾರು, ಕಲ್ಯಾಣದಲ್ಲಿ ಏನಾಯಿತು, ಬುದ್ಧ ಏನು ಹೇಳಿದ, ರಂಜಾನ್ ಉಪವಾಸ ಏಕೆ, ಶ್ರವಣಬೆಳಗೊಳದ ಮೂರ್ತಿ ಯಾರದು ಎಂದು ತಿಳಿಯದೆ ಕರ್ನಾಟಕದ ಮಗು ತನ್ನ ಊರಿನ ಜನರನ್ನೇ ಅರ್ಥ ಮಾಡಿಕೊಳ್ಳಲಾರದು. ಇದೆಲ್ಲ ಸಮಾಜ ವಿಜ್ಞಾನದಲ್ಲಿ, ಭಾಷಾ ಪಾಠದಲ್ಲಿ ಬರಲೇಬೇಕು. ದೇವರನ್ನು ನಂಬದ ತಂದೆಯ ಮಗುವಿಗೂ ಬೇಕು.

ಬಗ್ಗೆ ಕಲಿಸುವುದೆಲ್ಲಿ, ನಂಬಿಸುವುದೆಲ್ಲಿ ಎಂದು ಗುರುತಿಸಲು ಸುಲಭದ ಪರೀಕ್ಷೆ ಒಂದಿದೆ. ಶಾಲೆಯ ಪುಸ್ತಕ ಪಟ್ಟಿಯಲ್ಲಿರುವ ಮಾರಲ್ ಸೈನ್ಸ್ ಪುಸ್ತಕವನ್ನು ಅಂಗಡಿಯಲ್ಲೋ ಪಕ್ಕದ ಮನೆಯ ಮಗುವಿನ ಚೀಲದಲ್ಲೋ ಹುಡುಕಿ ತೆಗೆಯಿರಿ. ಕಥೆ ಓದಬೇಡಿ, ಪಾಠದ ಕೊನೆಯ ಪ್ರಶ್ನೆಗಳನ್ನು ಓದಿ. ‘ಕ್ರೈಸ್ತರು ಡಿಸೆಂಬರ್ 25ರಂದು ಯಾರ ಹುಟ್ಟನ್ನು ಆಚರಿಸುತ್ತಾರೆ?’ ಎಂಬುದು ತಿಳಿವಳಿಕೆಯ ಪ್ರಶ್ನೆ. ‘ಬಿಟ್ಟ ಸ್ಥಳ ತುಂಬಿರಿ: ನಮ್ಮ ಪಾಪಗಳನ್ನು ಕ್ಷಮಿಸುವವನು ____’ ಎಂಬಲ್ಲಿ ಅಂಕ ಸಿಗುವುದು ನಂಬಿಕೆಗೆ. ಗೀತೆಯ ಪುಸ್ತಕಕ್ಕೂ ಇದೇ ಅಳತೆ. ‘ಯುದ್ಧಭೂಮಿಯಲ್ಲಿ ಅರ್ಜುನನ ಗೊಂದಲವೇನು?’ ಎಂದು ಕೇಳಿದರೆ ಸಾಹಿತ್ಯ. ‘ದಿನವೂ ಗೀತೆ ಪಠಿಸುವುದರಿಂದ ಬರುವ ಪುಣ್ಯವೇನು?’ ಎಂದು ಕೇಳಿ ಎರಡು ಅಂಕ ಇಟ್ಟಿದ್ದರೆ ಅದು ಬೋಧನೆ. ಪ್ರಗತಿ ಪತ್ರದಲ್ಲಿ ಆ ವಿಷಯಕ್ಕೆ ಅಂಕವೋ ಗ್ರೇಡೋ ಇದೆಯೇ ಎಂದೂ ನೋಡಿ. ಅಂಕವಿದ್ದರೆ ‘ಇಷ್ಟವಿದ್ದವರು ಬರಲಿ’ ಎಂಬ ಮಾತು ಕಾಗದದ ಮೇಲಷ್ಟೇ ಉಳಿಯುತ್ತದೆ, ಏಕೆಂದರೆ ಬಿಟ್ಟ ಮಗುವಿನ ಒಟ್ಟು ಅಂಕ ಇಳಿಯುತ್ತದೆ. ಶ್ಲೋಕ ಕಂಠಪಾಠ ಸ್ಪರ್ಧೆಯ ಬಹುಮಾನ ಇಷ್ಟು ಕೆಟ್ಟದ್ದಲ್ಲ. ಉಚ್ಚಾರ, ನೆನಪು ಎರಡೂ ಚುರುಕಾಗುತ್ತವೆ, ಸೇರದವರಿಗೆ ನಷ್ಟವೂ ಇಲ್ಲ.

ಮೂರು ಶಾಲೆಗಳನ್ನೂ ಸೋಮವಾರ ಬೆಳಿಗ್ಗೆ ಅಸೆಂಬ್ಲಿಯ ಹೊತ್ತಿಗೆ ಗೇಟಿನ ಬಳಿ ನಿಂತು ನೋಡಿ ಬನ್ನಿ. 1ನೇ ತರಗತಿಯ ವೇಳಾಪಟ್ಟಿ, ಡೈರಿ, ಪುಸ್ತಕ ಪಟ್ಟಿ ಕೇಳಿ. ಕೊಡಲು ಹಿಂದೆಮುಂದೆ ನೋಡುವ ಶಾಲೆ ನಾಳೆ ನಿಮ್ಮ ಪತ್ರಕ್ಕೂ ಉತ್ತರ ಕೊಡುವುದಿಲ್ಲ. ಕನ್ನಡ ಮಾತಾಡಿದರೆ ದಂಡ ಹಾಕುತ್ತಾರೆಯೇ ಎಂದು ಅಲ್ಲಿ ಓದುವ ಮಕ್ಕಳನ್ನೇ ಕೇಳಿ. ನಿಮ್ಮತ್ತೆಯಿಂದ ಮೊಮ್ಮಗಳನ್ನು ದೂರ ಮಾಡುವುದರಲ್ಲಿ ಪ್ರಾರ್ಥನೆಗಿಂತ ಇದರ ಪಾಲು ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಂತೆ ಎಲ್ಲ ಶಾಲೆಯೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಪ್ರತಿ ಶಾಲೆಗೂ ಸರ್ಕಾರ ಕೊಡುವ 11 ಅಂಕಿಯ ಗುರುತು ಸಂಖ್ಯೆ, ಅಂದರೆ ಯುಡೈಸ್ ಸಂಖ್ಯೆಯನ್ನೂ ಕೇಳಿ ಪಡೆಯಿರಿ, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ಮಾನ್ಯತೆಯ ಆದೇಶ ಯಾವ ತರಗತಿಯವರೆಗೆ, ಯಾವ ವರ್ಷದವರೆಗೆ ಇದೆ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಿ. ಮಾನ್ಯತೆ ಇಲ್ಲದ ಶಾಲೆಯಲ್ಲಿ ಮೇಲೆ ಹೇಳಿದ ಪತ್ರಕ್ಕೆ ಬಲವಿಲ್ಲ.

ನಿಮ್ಮ ಮೂರರಲ್ಲಿ ನನ್ನ ಮೊದಲ ಒಲವು ಪಬ್ಲಿಕ್ ಶಾಲೆಗೆ, ಒಂದು ಷರತ್ತಿನ ಮೇಲೆ: 1ರಿಂದ 5ನೇ ತರಗತಿಗೆ ಎಷ್ಟು ಕಾಯಂ ಶಿಕ್ಷಕರಿದ್ದಾರೆ, ಇಂಗ್ಲಿಷ್ ಮಾಧ್ಯಮಕ್ಕೆ ಪ್ರತ್ಯೇಕ ಶಿಕ್ಷಕರಿದ್ದಾರೆಯೇ ಎಂದು ತಿಳಿದುಕೊಂಡ ಮೇಲೆ. ಎಲ್ಲ ಜಾತಿ ಮತದ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಬಿಸಿಯೂಟ ಮಾಡುವುದು ಯಾವ ನೀತಿಪಾಠಕ್ಕಿಂತಲೂ ದೊಡ್ಡ ಪಾಠ. ಮೊಟ್ಟೆ ಬೇಡವೆಂದರೆ ಬಾಳೆಹಣ್ಣು ಕೊಡುತ್ತಾರೆ, ಅತ್ತೆಗೆ ಅದನ್ನು ತಿಳಿಸಿ. ಅಲ್ಲಿ ಧರ್ಮವೇ ಇರುವುದಿಲ್ಲ ಎಂದು ನಿಮ್ಮ ಯಜಮಾನರು ಭಾವಿಸಿದ್ದರೆ ಅದು ಪೂರ್ತಿ ನಿಜವಲ್ಲ. ಶಾರದಾ ಪೂಜೆ, ಗಣೇಶನ ಹಬ್ಬ ಬಹಳ ಸರ್ಕಾರಿ ಶಾಲೆಗಳಲ್ಲಿ ನಡೆಯುತ್ತವೆ. ಕೇಂದ್ರೀಯ ವಿದ್ಯಾಲಯಗಳ ಬೆಳಗಿನ ಸಂಸ್ಕೃತ ಪ್ರಾರ್ಥನೆಯನ್ನು ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ದೊಡ್ಡ ಪೀಠಕ್ಕೆ ಒಪ್ಪಿಸಿತು ಎಂಬುದೂ ಗೊತ್ತಿರಲಿ.

ಶಿಕ್ಷಕರ ಕೊರತೆ ಇದ್ದರೆ ಕಾನ್ವೆಂಟ್ ಆಯ್ದುಕೊಳ್ಳಿ, ಬೋಧನೆಯ ಪಿರಿಯಡ್‌ಗೆ ಮಾತ್ರ ಪತ್ರ ಕೊಡಿ. ಮಗಳು ಮನೆಗೆ ಬಂದು ಏಸುವಿನ ಹಾಡು ಹೇಳಿದರೆ ಗದರಬೇಡಿ, ‘ಹಾಡಿನ ಅರ್ಥ ಏನಂತೆ?’ ಎಂದು ಕೇಳಿ. ಗದರಿದರೆ ಶಾಲೆಯಲ್ಲಿ ನಡೆದದ್ದನ್ನು ಮನೆಯಲ್ಲಿ ಹೇಳುವುದನ್ನೇ ಬಿಡುತ್ತಾಳೆ, ಆಗ ನಿಜವಾಗಿ ಏನಾದರೂ ಕೆಟ್ಟದ್ದು ನಡೆದರೂ ನಿಮಗೆ ತಿಳಿಯುವುದಿಲ್ಲ. ಲಿಂಗಪೂಜೆಯ ಹೊತ್ತಿನಲ್ಲಿ ಅಜ್ಜಿಯ ಪಕ್ಕ ಕೂರಿಸಿ, ಒಂದೊಂದು ವಚನ ಅರ್ಥ ಸಹಿತ ಹೇಳಿಕೊಡಲಿ. ಮಠದ ಶಾಲೆ ನಿಮ್ಮತ್ತೆಗೆ ಒಪ್ಪಿಗೆಯಾದೀತು, ಆದರೆ ತಂದೆಗೆ ಮನಸ್ಸಿಲ್ಲದ ಶಾಲೆಯಲ್ಲಿ ಮಗು ದಿನವೂ ಎರಡು ಮಾತಿನ ನಡುವೆ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಗೀತೆಗೆ ಅಂಕವಿಲ್ಲವೆಂದು ಖಾತ್ರಿಯಾದರೆ ಮಾತ್ರ ಮತ್ತೊಮ್ಮೆ ಇಬ್ಬರೂ ಕೂತು ಯೋಚಿಸಿ.

ಯಾವುದನ್ನು ಆಯ್ದರೂ ದಸರಾ ರಜೆಯವರೆಗೆ ನೋಡಿ. ಹೊಂದದಿದ್ದರೆ ಬಿಡಿಸಿ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಷದ ನಡುವೆಯೂ ಸೇರಿಸಬಹುದು. ಹಳೆಯ ಶಾಲೆ ಟಿಸಿ ಕೊಡಲು ತಡ ಮಾಡಿತೆಂದು ಹೊಸ ಶಾಲೆ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹಾಗೆಂದು ಸ್ಪಷ್ಟವಾಗಿ ಹೇಳಿದೆ.